ಎಂಬತ್ನಾಲ್ಕರ ಗಾಳಿ

'ತೂಕ ಎಷ್ಟು?' ಅಂದೆ.

'ಎಂಬತ್ನಾಲ್ಕು' ಅಂದರು ಹಾಲೇಶಣ್ಣ.

ಸುಳ್ಳು. ಕುರುಡನಿಗೂ ಗೊತ್ತಾಗುವ ಸುಳ್ಳು. ಅಂಗಿಯ ಕಾಲರಿನೊಳಗೆ ಕತ್ತು ತೇಲುತ್ತಿತ್ತು. ಕೈ ಎತ್ತಿದರೆ ವಾಚು ಮೊಣಕೈ ಕಡೆಗೆ ಜಾರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಮುಖಕ್ಕೇ ಹೇಳಿಬಿಡುತ್ತಿದ್ದೆ. ನನ್ನ ಬಾಯಿ ಎಂಥದ್ದು ಅಂತ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಆದರೆ ಅವತ್ತು ತಲೆ ತಗ್ಗಿಸಿ, ಎದುರಿಗೇ ಬಿದ್ದಿದ್ದ ಪಾನಾ ಹುಡುಕುವ ನಾಟಕ ಮಾಡಿದೆ. ಯಾಕೆ? ಹಿಂದಿನ ದಿನವೇ ಅವರ ಹೆಂಡತಿ ಬಂದು ನನ್ನ ಬಾಯಿಗೆ ಬೀಗ ಹಾಕಿ ಹೋಗಿದ್ದರು.

(ಹೆಸರು ಬದಲಿಸಿದ್ದೇನೆ. ತೂಕ ಬದಲಿಸಿಲ್ಲ. ಬರಿ ಅಂತ ಇಬ್ಬರೂ ಒಪ್ಪಿಗೆ ಕೊಟ್ಟಿದ್ದಾರೆ.)

ಸೈಕಲ್ ಗೊತ್ತಿಲ್ಲದವರಿಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಗುಡ್ಡ ಹತ್ತಿಸುವ ಮೌಂಟನ್ ಬೈಕಿಗೆ ಮುಂದಿನ ಚಕ್ರ ಹಿಡಿದುಕೊಂಡು ಎರಡು ದಪ್ಪ ಕಾಲು ಇರುತ್ತವೆ. ಅದೇ ಫೋರ್ಕು. ಒಳ್ಳೆಯ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಗಾಳಿ ಇರುತ್ತದೆ. ಆ ಗಾಳಿ ಸವಾರನ ತೂಕಕ್ಕೆ ತಕ್ಕಂತೆ ಇರಬೇಕು. ತೂಕದವನಿಗೆ ಜಾಸ್ತಿ, ಹಗುರದವನಿಗೆ ಕಮ್ಮಿ. ಕಮ್ಮಿಯಾದರೆ ಫೋರ್ಕು ಮೆತ್ತಗಾಗಿ ಮುಗ್ಗರಿಸುತ್ತದೆ. ಜಾಸ್ತಿಯಾದರೆ ಗಟ್ಟಿಯಾಗಿ ನಿಂತು, ದಾರಿಯ ಪ್ರತಿ ಕಲ್ಲನ್ನೂ ನಿಮ್ಮ ಮುಂಗೈಗೆ ತಂದು ಹೊಡೆಯುತ್ತದೆ. ಇಳಿಜಾರಿನಲ್ಲಿ ಚಕ್ರ ನೆಲ ಹಿಡಿಯುವುದೇ ಇಲ್ಲ. ಪುಟಿಯುತ್ತದೆ. ಆಮೇಲೆ ನೀವೂ ಪುಟಿಯುತ್ತೀರಿ.

ಅಷ್ಟೇ. ಇದರಲ್ಲಿ ರಾಕೆಟ್ ಏನಿಲ್ಲ.

ಆದರೆ ತೂಕ ಕೇಳಿದರೆ ಯಾರು ನಿಜ ಹೇಳುತ್ತಾರೆ? ಕಾಲೇಜು ಹುಡುಗರು ಐದು ಕೇಜಿ ಏರಿಸುತ್ತಾರೆ. ಹೊಟ್ಟೆ ಬಂದವರು ಹತ್ತು ಇಳಿಸುತ್ತಾರೆ. ಅದಕ್ಕೇ ನಾನು ಬಾಯಿಮಾತು ನಂಬುವುದಿಲ್ಲ. ನಿಟ್ಟುವಳ್ಳಿಯಲ್ಲಿ ನನ್ನ ಸೈಕಲ್ ಅಂಗಡಿಗೆ ಗೋಡೆ ಹಂಚಿಕೊಂಡು ಖಾದರ್ ಸಾಬರ ಮಂಡಕ್ಕಿ ಹುರಿಯುವ ಭಟ್ಟಿ ಇದೆ. ಅಲ್ಲಿ ಭತ್ತದ ಚೀಲ ತೂಗುವ ದೊಡ್ಡ ತಕ್ಕಡಿ ಇದೆ. ಹೆಲ್ಮೆಟ್, ಬ್ಯಾಗು, ನೀರಿನ ಬಾಟಲಿ ಎಲ್ಲ ಹಾಕಿಕೊಂಡು ಗಿರಾಕಿ ಅದರ ಮೇಲೆ ನಿಲ್ಲಬೇಕು. ಸಾಬರು ಕನ್ನಡಕ ಏರಿಸಿ ತೂಕ ಕೂಗುತ್ತಾರೆ.

ಅಲ್ಲೂ ಒಂದು ತೊಂದರೆ. ಮೂವತ್ತು ವರ್ಷ ಭತ್ತ ತೂಗಿದ ಕೈ. ತೂಕ ನೋಡಿದ ತಕ್ಷಣ ಖಾಲಿ ಚೀಲದ್ದು ಅಂತ ಒಂದೆರಡು ಕೇಜಿ ಹೊಡೆದೇ, ಅಂದರೆ ಕಳೆದೇ ಹೇಳುತ್ತಾರೆ. ಮನುಷ್ಯ ನಿಂತರೂ ಅಷ್ಟೇ.

'ಎಪ್ಪತ್ತೊಂದು. ಚೀಲದ್ದು ಎರಡು ಹೊಡದ್ರೆ ಅರವತ್ತೊಂಬತ್ತು.'

'ಸಾಬ್ರೇ, ಇವ ಮನುಷ್ಯ. ಚೀಲ ಎಲ್ಲೈತೆ?'

'ಬಟ್ಟೆ ಹಾಕ್ಯಾನಲ್ಲ, ಅದೇನು ಚೀಲ ಅಲ್ಲೇನಲೇ?'

ಬಟ್ಟೆ, ಬ್ಯಾಗು ಎಲ್ಲ ಸೇರಿಸಿದ ತೂಕವೇ ಫೋರ್ಕಿನ ಮೇಲೆ ಬೀಳುವುದು ಅಂತ ನೂರು ಸಲ ಹೇಳಿದ್ದೇನೆ. ಅವರ ತಲೆಗೆ ಹೋಗಲ್ಲ. ಹೋದರೂ ಬಾಯಿ ಕೇಳಲ್ಲ. ಅವರು ಹೊಡೆದ ಎರಡನ್ನು ನಾನು ಮತ್ತೆ ಕೂಡಿಸಿಕೊಳ್ಳುತ್ತೇನೆ. ಹಿಂಗೇ ನಡೆದಿದೆ ನಮ್ಮ ಸಂಸಾರ.

ಕಳೆದ ವರ್ಷ ಹಾಲೇಶಣ್ಣ ಇದೇ ತಕ್ಕಡಿ ಮೇಲೆ ನಿಂತಿದ್ದರು. ಹರಿಹರದವರು. ಲೇತ್ ವರ್ಕ್‌ಶಾಪಿನಲ್ಲಿ ಕೆಲಸ, ವಯಸ್ಸು ನಲವತ್ತಾರು, ಎದೆ ನೋಡಿದರೆ ಬಾಗಿಲು. ತಕ್ಕಡಿ 'ಕಿರ್' ಅಂದಿದ್ದಕ್ಕೆ ಸಾಬರಿಗೇ ಜೋರು ಮಾಡಿದ್ದರು: 'ನಿಮ್ಮ ತಕ್ಕಡಿಗೆ ಗಂಡಸು ಹತ್ತಿ ರೂಢಿ ಇಲ್ಲೇನ್ರೀ?' ಆವತ್ತು ಎಂಬತ್ನಾಲ್ಕು. ಫೋರ್ಕಿಗೆ ಪಂಪ್ ಹಾಕಿ, ಪಂಪಿನ ಮೀಟರಿನ ಮುಳ್ಳು ನೋಡಿ ಗಾಳಿಯನ್ನು ತೊಂಬತ್ತಕ್ಕೆ ನಿಲ್ಲಿಸಿದ್ದೆ. ನನ್ನದೊಂದು ಅಭ್ಯಾಸ ಇದೆ. ಸೆಟ್ ಮಾಡಿದ ಮೇಲೆ ಫೋರ್ಕಿನ ಕಾಲಿನ ಒಳಮೈ ಮೇಲೆ ಬಿಳಿ ಮಾರ್ಕರಿನಲ್ಲಿ ತೂಕ, ಗಾಳಿ ಎರಡೂ ಬರೆಯುತ್ತೇನೆ. '೮೪ - ೯೦' ಅಂತ ಬರೆದೆ. ಅಳಿಸಿ ಹೋಗದ ಮಾರ್ಕರ್ ಅದು.

ಆಮೇಲೆ ಅವರು ಕಾಣಲಿಲ್ಲ. ದೊಡ್ಡ ಕಾಯಿಲೆ, ಹೊಟ್ಟೆ ಆಪರೇಷನ್ ಅಂತ ಯಾರೋ ಹೇಳಿದರು. ಛೇ ಅಂದೆ. ಕೆಲಸಕ್ಕೆ ಹತ್ತಿದೆ. ನಾವು ಇಷ್ಟೇ ಅಲ್ಲವಾ?

ಮೊನ್ನೆ ಬುಧವಾರ ಅವರ ಹೆಂಡತಿ ಗಿರಿಜಕ್ಕ ಹರಿಹರದಿಂದ ಬಸ್ಸಿನಲ್ಲಿ ಬಂದರು. ಮನೆಯಲ್ಲೇ ಟೇಲರಿಂಗ್ ಮಾಡುವವರು. ಬಂದವರು ಕೂರಲೂ ಇಲ್ಲ.

'ನಾಳೆ ನಮ್ಮನೇರು ಬರ್ತಾರಪ್ಪ. ಸೈಕಲ್ ಮುಂದ್ಗಡೆ ಗಟ್ಟಿಯಾಗೈತೆ, ಕೈ ನೋಯ್ತೈತೆ ಅಂತಾರೆ. ಭಾನುವಾರ ಕೊಂಡಜ್ಜಿ ಗುಡ್ಡಕ್ಕೆ ಹೋಗ್ತಾರಂತೆ, ಗೆಳೆಯರ ಜೊತೆ. ಡಾಕ್ಟ್ರು ಹೂಂ ಅಂದಾರೆ.'

'ಬರ್ಲಿ ಅಕ್ಕ, ನೋಡ್ತೀನಿ.'

'ತಕ್ಕಡಿ ಮ್ಯಾಲೆ ಮಾತ್ರ ನಿಲ್ಲಿಸಬ್ಯಾಡ.'

'ತೂಕ ಗೊತ್ತಾಗ್ದೆ ಹೆಂಗೆ ಸೆಟ್ ಮಾಡ್ಲಿ?'

ಅಕ್ಕ ಹೇಳಿದ್ದು ಕೇಳಿ. ಆಸ್ಪತ್ರೆಯಲ್ಲಿ ತೂಕ ನೋಡಿದಾಗಲೆಲ್ಲ ಆ ಮನುಷ್ಯ ಎರಡು ದಿನ ಊಟ ಬಿಡುತ್ತಿದ್ದರಂತೆ. ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರಂತೆ. ಕೊನೆಗೆ ಅಕ್ಕ ನರ್ಸಿಗೆ ಹೇಳಿ ತೂಕವನ್ನು ಅವರ ಕಿವಿಗೆ ಬೀಳದಂತೆ ಮಾಡಿದರು. ಮನೆಗೆ ಬಂದ ಮೇಲೆ ಮಧ್ಯಾಹ್ನ ಅವರು ನಿದ್ದೆ ಹೋದಾಗ ಪ್ಯಾಂಟುಗಳ ಸೊಂಟ ಹಿಡಿದು ಬಿಗಿ ಮಾಡಲು ಶುರು ಮಾಡಿದರು. ವಾರಕ್ಕೆ ಕಾಲು ಇಂಚು. ಒಮ್ಮೆಗೇ ಹಿಡಿದರೆ ಗೊತ್ತಾಗುತ್ತದಲ್ಲ? ಬೆಲ್ಟನ್ನೂ ಬಕಲಿನ ಕಡೆಯಿಂದ ಒಳಗೆ ಮಡಚಿ ಹೊಲಿದರು, ಯಾವಾಗಲೂ ಅದೇ ತೂತಿಗೆ ಬರಲಿ ಅಂತ.

'ಪ್ಯಾಂಟು ಸರಿಯಾಗೇ ಐತಲ್ಲ, ನಾನೇನ್ ಅಷ್ಟು ಇಳಿದಿಲ್ಲ ಬಿಡು ಅಂತಾರೆ. ಅಂದು ಊಟ ಮಾಡ್ತಾರೆ. ಆರು ತಿಂಗಳ ಮ್ಯಾಲೆ ಈಗ ಸೈಕಲ್ ಬೇಕು ಅಂದಾರೆ. ನಂಬರ್ ಕಿವಿಗೆ ಬಿತ್ತು ಅಂದ್ರೆ ಸೈಕಲ್ ಅಲ್ಲೇ ಒಗೆದು ಮತ್ತೆ ಗೋಡೆ ಕಡೆ ತಿರುಗ್ತಾರೆ. ನಂಗೆ ಗೊತ್ತೈತೆ.'

'ಅಕ್ಕ, ಫೋರ್ಕಿಗೆ ಸುಳ್ಳು ಹೇಳಕ್ಕಾಗಲ್ಲ. ಇಳಿಜಾರಲ್ಲಿ ಬೀಳ್ತಾರೆ.'

'ಫೋರ್ಕಿಗೆ ನಿಜ ಹೇಳಪ್ಪ. ಅವರಿಗೆ ಹೇಳಬ್ಯಾಡ.'

ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇಂಥ ಪಾಠ ನನ್ನ ಪುಸ್ತಕದಲ್ಲಿ ಬಂದಿರಲಿಲ್ಲ. ಹೂಂ ಅಂದೆ.

ಗುರುವಾರ ಹಾಲೇಶಣ್ಣ ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಬಂದರು. ಗಿರಿಜಕ್ಕನೂ ಆಟೋದಲ್ಲಿದ್ದರು. 'ಮಂಡಿಪೇಟೆಗೆ ಹೋಗಿ ದಾರ, ಲೈನಿಂಗ್ ತರ್ತೀನಿ' ಅಂತ ಗಂಡನಿಗೆ ಹೇಳಿ ಹೊರಟರು. ಹೋಗಿದ್ದು ಎಲ್ಲಿಗೆ? ಹತ್ತು ಹೆಜ್ಜೆ ನಡೆದು ಪಕ್ಕದ ಭಟ್ಟಿ ಒಳಗೆ. ಮಂಡಕ್ಕಿ ಚೀಲಗಳ ಹಿಂದೆ ಕೂತುಬಿಟ್ಟರು. ನಾನು ನೋಡಿದೆ. ಹಾಲೇಶಣ್ಣ ನೋಡಲಿಲ್ಲ.

ಆಗಲೇ ನಾನು ತೂಕ ಕೇಳಿದ್ದು, ಅವರು ಎಂಬತ್ನಾಲ್ಕು ಅಂದಿದ್ದು.

'ಲೇ ಮಂಜ, ಹೋದ ವರ್ಷ ನೀನೇ ಬರ್ದೀಯಲ್ಲ ಇಲ್ಲಿ. ಅಷ್ಟೇ ಐತೆ. ನಿನ್ನ ಫೋರ್ಕೇ ಕೆಟ್ಟೈತೆ. ಸೀಲ್ ಹಿಡ್ಕಂಡೈತೆ, ನೋಡು.'

ಧ್ವನಿ ಮಾತ್ರ ಹಳೆಯದೇ. ಎಂಬತ್ನಾಲ್ಕು ಕೇಜಿ ಧ್ವನಿ.

ತಕ್ಕಡಿ ಇಲ್ಲದೆಯೂ ಫೋರ್ಕು ಸೆಟ್ ಮಾಡಬಹುದು. ನಿಜ ಹೇಳಬೇಕೆಂದರೆ ಅದೇ ಸರಿಯಾದ ದಾರಿ. ಸವಾರ ಸುಮ್ಮನೆ ಪೆಡಲ್ ಮೇಲೆ ನಿಂತರೆ ಫೋರ್ಕು ಸ್ವಲ್ಪ ಕುಸಿಯುತ್ತದೆ. ಅದಕ್ಕೆ ಸ್ಯಾಗ್ ಅನ್ನುತ್ತಾರೆ. ಎಷ್ಟು ಕುಸಿಯಿತು ಅಂತ ತೋರಿಸಲು ಫೋರ್ಕಿನ ಕಾಲಿಗೆ ಒಂದು ರಬ್ಬರ್ ಬಳೆ ಇರುತ್ತದೆ. ಬಳೆಯನ್ನು ಕೆಳಗೆ ಸೀಲಿನ ತನಕ (ಕಾಲು ಒಳಗೆ ಜಾರುವ ಬಾಯಿಗೆ ಹಾಕಿದ ರಬ್ಬರ್ ಅದು) ತಳ್ಳಬೇಕು. ಸವಾರ ಹತ್ತಿ ನಿಲ್ಲಬೇಕು, ಕುಣಿಯದೆ ಇಳಿಯಬೇಕು. ಬಳೆ ಎಲ್ಲಿ ನಿಂತಿದೆಯೋ ಅಳೆಯಬೇಕು. ಇವರ ಫೋರ್ಕು ಒಟ್ಟು ನೂರಿಪ್ಪತ್ತು ಮಿಲಿಮೀಟರ್ ಕುಸಿಯುವಂಥದ್ದು. ಸುಮ್ಮನೆ ನಿಂತಾಗ ಅದರ ಕಾಲು ಭಾಗ, ಅಂದರೆ ಮೂವತ್ತು ಕುಸಿಯಬೇಕು.

ಹಾಲೇಶಣ್ಣ ಹೆಲ್ಮೆಟ್ ಹಾಕಿ, ಬ್ಯಾಗು ಏರಿಸಿ, ಭಟ್ಟಿಯ ಗೋಡೆಗೆ ಭುಜ ಆನಿಸಿ ಹತ್ತಿದರು. ಹತ್ತುವಾಗ ಒಂದು ಸಲ ಕಾಲು ನಡುಗಿತು. ನಾನು ಹ್ಯಾಂಡಲ್ ಹಿಡಿದುಕೊಂಡೆ. ಇಳಿದರು. ಸ್ಕೇಲ್ ಇಟ್ಟೆ.

ಇಪ್ಪತ್ಮೂರು.

ಹೋದ ವರ್ಷ ಇದೇ ಗಾಳಿಗೆ ಮೂವತ್ತು ಕುಸಿದಿದ್ದ ಬಳೆ ಈಗ ಇಪ್ಪತ್ಮೂರಕ್ಕೇ ನಿಂತಿತ್ತು. ಸೀಲೂ ಹಿಡಿದಿರಲಿಲ್ಲ, ಏನೂ ಹಿಡಿದಿರಲಿಲ್ಲ. ಫೋರ್ಕು ನೆಟ್ಟಗಿತ್ತು. ಎಂಬತ್ನಾಲ್ಕು ಕೇಜಿ ಹಾಲೇಶಣ್ಣನಿಗಾಗಿ ಕಾಯುತ್ತ ನಿಂತಿತ್ತು.

ಪಂಪ್ ಜೋಡಿಸಿದೆ. ಸ್ವಲ್ಪ ಗಾಳಿ ಬಿಟ್ಟೆ, ಹತ್ತಿಸಿದೆ. ಇಪ್ಪತ್ತೈದು. ಇನ್ನೂ ಬಿಟ್ಟೆ, ಹತ್ತಿಸಿದೆ. ಇಪ್ಪತ್ತೇಳು. ಮೂರನೇ ಸಲ ಮೂವತ್ತಕ್ಕೆ ಬಂತು. ಅಷ್ಟೂ ಹೊತ್ತು ಪಂಪಿನ ಮುಳ್ಳಿನ ಮೇಲೆ ನನ್ನ ಹೆಬ್ಬೆರಳು ಇತ್ತು.

'ಎಷ್ಟಕ್ಕೆ ಬಂತು?'

'ಸರಿಯಾಗೈತೆ ಬಿಡಣ್ಣ.'

'ಎಷ್ಟಕ್ಕೆ ಬಂತು ಅಂದೆ.'

'ಮುಳ್ಳು ಕೆಟ್ಟೈತೆ. ಅಂದಾಜಿನ ಮ್ಯಾಲೆ ಮಾಡೀನಿ.'

(ಇಪ್ಪತ್ತಾರು ವರ್ಷದ ಜೀವನದಲ್ಲಿ ನಾನು ಹೇಳಿದ ಅತಿ ದರಿದ್ರ ಸುಳ್ಳು ಇದು. ಅಂದಾಜಿನ ಕೆಲಸ ಮಾಡುವವರನ್ನು ಅಂಗಡಿ ಬಾಗಿಲಲ್ಲೇ ನಿಂತು ಬೈಯುವವನು ನಾನು.)

'ಬೆರಳು ತೆಗಿ' ಅಂದರು ಹಾಲೇಶಣ್ಣ.

ತೆಗೆದೆ. ಮುಳ್ಳು ಎಪ್ಪತ್ತರ ಮೇಲಿತ್ತು.

ಅವರು ಬಗ್ಗಿ ನೋಡಿದರು. ಆಮೇಲೆ ಫೋರ್ಕಿನ ಮೇಲಿನ ನನ್ನ ಬಿಳಿ ಅಕ್ಷರ ನೋಡಿದರು. ಲೇತ್ ಕೆಲಸದವರು, ಕೂದಲಿನ ದಪ್ಪ ಅಳೆಯುವವರು. ಅವರಿಗೆ ಕಾಗದ ಪೆನ್ನು ಬೇಕಾ?

'ತೊಂಬತ್ತಕ್ಕೆ ಎಂಬತ್ನಾಲ್ಕು. ಎಪ್ಪತ್ತಕ್ಕೆ... ಅರವತ್ತೈದು. ಅರವತ್ತಾರು ಅನ್ನು.'

ನಾನು ಪಂಪಿನ ಪೈಪು ಸುತ್ತುತ್ತಾ ಕೂತೆ. ಈಗ ಈ ಮನುಷ್ಯ ಸೈಕಲ್ ಬಿಟ್ಟು ಎದ್ದು ಹೋಗುತ್ತಾರೆ ಅಂದುಕೊಂಡೆ. ಗೋಡೆಯ ಆ ಕಡೆ ಕೂತಿರುವ ಅಕ್ಕನಿಗೆ ಏನು ಹೇಳಲಿ?

'ಗಿರಿಜಾ ಬಂದಿದ್ಲಾ ನಿನ್ನ ಹತ್ರ?'

ಸುತ್ತಿದ ಪೈಪನ್ನು ಬಿಚ್ಚಿ ಮತ್ತೆ ಸುತ್ತಿದೆ.

'ಬಂದಿರ್ತಾಳೆ. ಲೇ, ಆಕಿ ಪ್ಯಾಂಟ್ ಹಿಡಿಯೋದು ನಂಗೆ ಮೊದ್ಲನೇ ವಾರನೇ ಗೊತ್ತಾತು. ಒಳಗಿನ ಹೊಲಿಗೆ ಸೊಂಟಕ್ಕೆ ಒತ್ತುತ್ತೈತೆ. ಬೆಲ್ಟಿನ ಬಕಲ್ ಒಳಗೆ ದಪ್ಪಗೆ ಗಂಟು ಆಗೈತೆ. ನಾನೇನು ಮರದ ಕೊರಡಾ?'

'ಮತ್ತೆ ಎಂಬತ್ನಾಲ್ಕು ಅಂದ್ರಲ್ಲಣ್ಣ?'

'ಆಕಿ ಅಷ್ಟು ಕಷ್ಟ ಬಿದ್ದು ಕಟ್ಟಿರೋ ಸುಳ್ಳು. ನಾನು ಒಂದೇ ಮಾತಿಗೆ ಒಡೀಲೇನು?'

ನನಗೆ ತಲೆ ಕೆಟ್ಟಿತು. ಒಬ್ಬರಿಗೆ ಗೊತ್ತಾಗಬಾರದು ಅಂತ ಇನ್ನೊಬ್ಬರು ಹೊಲಿಯುತ್ತಾರೆ. ಗೊತ್ತಿದೆ ಅಂತ ಗೊತ್ತಾಗಬಾರದು ಅಂತ ಇವರು ಹಾಕಿಕೊಂಡು ತಿರುಗುತ್ತಾರೆ. ಇದಕ್ಕೆಲ್ಲ ಟೈಮ್ ಎಲ್ಲಿಂದ ಬರುತ್ತದೆ ಇವರಿಗೆ?

'ನಡಿ' ಅಂದರು. 'ಸಾಬ್ರ ತಕ್ಕಡಿ ಮ್ಯಾಲೆ ನಿಂತೇಬಿಡಾನ.'

'ಬ್ಯಾಡಣ್ಣ. ಸ್ಯಾಗ್ ನೋಡಿದ್ವಲ್ಲ, ಸಾಕು.'

'ಭಾನುವಾರ ಆ ಕಲ್ಲಿನ ಇಳಿಜಾರಲ್ಲಿ ಇಳಿಯೋನು ನಾನು. ಎಷ್ಟು ಕೇಜಿ ಇಳೀತೈತೆ ಅಂತ ನಂಗೆ ಗೊತ್ತಿರಬೇಕೋ ಬ್ಯಾಡೋ?'

ನಾನು ಬಾಗಿಲಿಗೆ ಅಡ್ಡ ನಿಂತೆ. ಸರಿಸಿಕೊಂಡೇ ಹೋದರು. ಅರವತ್ತಾರು ಕೇಜಿಯಲ್ಲೂ ತೋಳಿಗೆ ಅಷ್ಟು ಬಲ ಇತ್ತು.

ಭಟ್ಟಿ ಒಳಗೆ ಬಿಸಿ ಮರಳಿನ ವಾಸನೆ. ಸಾಬರು ತಕ್ಕಡಿ ಪಕ್ಕದಲ್ಲೇ ಇದ್ದರು. ಹಾಲೇಶಣ್ಣ ಹೆಲ್ಮೆಟ್, ಬ್ಯಾಗು ಹಾಕಿಕೊಂಡೇ ಸೀದಾ ಹತ್ತಿ ನಿಂತರು. ಈ ಸಲ ತಕ್ಕಡಿ 'ಕಿರ್' ಅನ್ನಲಿಲ್ಲ. ನಿಂತ ಮೇಲೆ ತಲೆ ಎತ್ತಿದರೆ ಎದುರಿಗೆ ಮಂಡಕ್ಕಿ ಚೀಲ. ಚೀಲದ ಹಿಂದೆ ಗಿರಿಜಕ್ಕ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಸಾಬರು ಕನ್ನಡಕ ಏರಿಸಿದರು. ತಕ್ಕಡಿ ನೋಡಿದರು. ಅಕ್ಕನ ಮುಖ ನೋಡಿದರು. ಮತ್ತೆ ತಕ್ಕಡಿ ನೋಡಿದರು.

'ಅರವತ್ತಾರು' ಅಂದರು. ಗಂಟಲು ಸರಿ ಮಾಡಿಕೊಂಡರು. 'ಚೀಲದ್ದು ಎರಡು ಕೂಡ್ಸಿದ್ರೆ... ಅರವತ್ತೆಂಟು.'

ಕೇಳಿಸಿತಾ? ಕೂಡಿಸಿದರೆ! ಮೂವತ್ತು ವರ್ಷದಲ್ಲಿ ಒಬ್ಬ ರೈತನಿಗೂ ಕೂಡಿಸದವರು, ನಮ್ಮ ಸಾಬರು.

ಆಮೇಲೆ ಗಿರಿಜಕ್ಕ ಎದ್ದು ಸೀರೆಗೆ ಮೆತ್ತಿದ್ದ ಮಂಡಕ್ಕಿ ಕೊಡವಿದರು.

'ಚೀಲ ಹೊಲಿದೋಳು ನಾನು ಸಾಬ್ರೇ. ಅದರ ತೂಕ ನಂಗೆ ಗೊತ್ತೈತೆ. ಅರವತ್ತಾರೇ ಇರ್ಲಿ.'

'ಹೊಲಿದಿದ್ದು ನಂಗೂ ಗೊತ್ತೈತೆ' ಅಂದರು ಹಾಲೇಶಣ್ಣ, ತಕ್ಕಡಿ ಮೇಲಿಂದಲೇ.

ಅಕ್ಕನ ಕಣ್ಣು ತುಂಬಿತು. ಅಳುವುದಕ್ಕಿಂತ ಮೊದಲು ಸಿಟ್ಟು ಬಂತು. 'ಗೊತ್ತಿದ್ದೂ ಸುಮ್ನಿದ್ರಾ? ನಾಕು ತಿಂಗಳು ಕದ್ದು ಹೊಲಿದೆನಲ್ರೀ! ಮಿಷಿನ್ ಸದ್ದಾದ್ರೆ ಏಳ್ತೀರಿ ಅಂತ ಕೈಯಾಗೆ ಹೊಲಿದೆ!'

'ಆ ಮಿಷಿನ್‌ನಾಗೆ ಹೊಲಿದಿದ್ರೆ ಇಷ್ಟು ಒತ್ತುತ್ತಿರಲಿಲ್ಲ ಬಿಡು.'

ಅಕ್ಕ ನಕ್ಕರು. ಮೂಗು ಒರೆಸಿಕೊಂಡರು. ತಕ್ಕಡಿ ಹತ್ತಿರ ಹೋಗಿ, ನಮ್ಮಿಬ್ಬರ ಎದುರಿಗೇ ಗಂಡನ ಪ್ಯಾಂಟಿನ ಸೊಂಟದ ಪಟ್ಟಿ ಹಿಡಿದು ಹೊರಳಿಸಿ ತೋರಿಸಿದರು. ಒಳಗೆ ಮೂರು ಬೆರಳಿನಷ್ಟು ಬಟ್ಟೆ ಪದರ ಪದರ ಮಡಚಿಕೊಂಡಿತ್ತು.

'ಒಂದು ನೂಲೂ ಕತ್ತರಿಸಿಲ್ಲ. ಎಲ್ಲಾ ಒಳಗೇ ಇಟ್ಟೀನಿ. ನೀವು ತುಂಬ್ಕಂಡಂಗೆ ಬಿಚ್ಕಂತಾ ಬರ್ತೀನಿ.'

ಟೇಲರುಗಳು ಮಕ್ಕಳ ಬಟ್ಟೆಗೆ ಹೀಗೆ ಒಳಗೆ ಬಿಟ್ಟು ಹೊಲಿಯುವುದನ್ನು ನೋಡಿದ್ದೇನೆ. ಬೆಳೆಯುತ್ತಾರೆ ಅಂತ. ನಲವತ್ತೇಳರ ಗಂಡಸಿಗೆ ಬಿಟ್ಟಿದ್ದು ನೋಡಿರಲಿಲ್ಲ.

ಸಾಬರು ಹೊಗೆ ಅಂತ ಹೇಳಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಹೊಗೆ ಅಂದೆ. (ಭಟ್ಟಿ ಆಗ ಆರಿತ್ತು.)

ಅಂಗಡಿಗೆ ವಾಪಸ್ ಬಂದೆವು. ಇನ್ನೊಂದು ಕೆಲಸ ಬಾಕಿ ಇತ್ತು. ಫೋರ್ಕಿನ ಬುಡದಲ್ಲಿ ಒಂದು ಕೆಂಪು ತಿರುಪು ಇರುತ್ತದೆ. ಒಂದು ಕಡೆ ಆಮೆ ಚಿತ್ರ, ಇನ್ನೊಂದು ಕಡೆ ಮೊಲ. ಕುಸಿದ ಫೋರ್ಕು ಎಷ್ಟು ಬೇಗ ಮೇಲೇಳಬೇಕು ಅಂತ ಹೇಳುವ ತಿರುಪು ಅದು. ನಾನು ಮೊಲದ ಕಡೆ ತಿರುಗಿಸಲು ಹೋದರೆ ಹಾಲೇಶಣ್ಣ ಕೈ ಹಿಡಿದರು.

'ಆಮೆನೇ ಇರ್ಲಿ ಬಿಡೋ. ಈಗ ನಾನು ಆಮೆನೇ.'

'ಗಾಳಿ ಕಮ್ಮಿ ಆದಾಗ ಆಮೆ ಇಟ್ರೆ ಎದ್ದೇಳೋದ್ರೊಳಗೆ ಇನ್ನೊಂದು ಕಲ್ಲು ಬರ್ತೈತಣ್ಣ. ಕುಸಕೊಂತಾನೇ ಹೋಗ್ತೈತೆ. ಮೂರು ಕ್ಲಿಕ್ ಮೊಲ.'

ಮೂರು ಕ್ಲಿಕ್ ತಿರುಗಿಸಿದೆ. ಕೊನೆಗೆ ಉಳಿದಿದ್ದು ಬರೆಯುವುದು. ಹಳೆಯ '೮೪ - ೯೦' ಅನ್ನು ಥಿನ್ನರ್ ಹಾಕಿ ಉಜ್ಜಲು ಬಟ್ಟೆ ತಗೊಂಡೆ. ಗಿರಿಜಕ್ಕ ತಡೆದರು.

'ಅದು ಇರ್ಲಿ. ಅದು ನಮ್ದೇ.'

ಬ್ಯಾಗಿನಿಂದ ಟೇಲರುಗಳು ಬಟ್ಟೆಗೆ ಗುರುತು ಹಾಕುವ ಹಳದಿ ಚಾಕ್, ಅಂದರೆ ಆ ಸೋಪಿನ ಬಿಲ್ಲೆಯಂಥ ಸೀಮೆಸುಣ್ಣ ತೆಗೆದರು. ನನ್ನ ಅಕ್ಷರದ ಕೆಳಗೆ ತಾವೇ ಬರೆದರು: '೬೬ - ೭೦'. ಕಪ್ಪು ಫೋರ್ಕಿನ ಮೇಲೆ ಹಳದಿ ಚೆನ್ನಾಗಿ ಕಂಡಿತು.

'ಅಕ್ಕ, ಒಂದು ಮಳೆಗೆ ಹೋಗ್ತೈತೆ ಅದು.'

'ಹೋಗ್ಲಿ ಅಂತಾನೇ ಇದ್ರಾಗೆ ಬರ್ದಿದ್ದು.'

ಭಾನುವಾರ ಕೊಂಡಜ್ಜಿಗೆ ನಾನೂ ಹೋಗಿದ್ದೆ. (ಅಂಗಡಿ ರಜ, ಬೇರೆ ಕಾರಣ ಏನಿಲ್ಲ.) ಹಾಲೇಶಣ್ಣ ಗುಡ್ಡ ಪೂರ್ತಿ ಹತ್ತಲಿಲ್ಲ. ಅರ್ಧದಲ್ಲಿ ಕೂತು ನೀರು ಕುಡಿದರು. ಗೆಳೆಯರು 'ಏನಪ್ಪ ಪೈಲ್ವಾನ, ಇಷ್ಟಕ್ಕೇ?' ಅಂದಿದ್ದಕ್ಕೆ 'ಅರವತ್ತಾರು ಕೇಜಿಗೆ ಇವತ್ತು ಇಷ್ಟೇ' ಅಂತ ತಾವೇ ಹೇಳಿದರು. ಜೋರಾಗಿಯೇ ಹೇಳಿದರು. ಇಳಿಯುವಾಗ ನಾನು ಹಿಂದೆ ಇದ್ದೆ. ಮುಂದಿನ ಚಕ್ರ ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ಇಳಿಯಿತು. ಒಂದು ಸಲವೂ ಪುಟಿಯಲಿಲ್ಲ. ಕೆರೆ ಏರಿ ಮೇಲೆ ಗಿರಿಜಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟುಕೊಂಡು ಕೂತಿದ್ದರು. ಮಂಡಕ್ಕಿ ಎರಡು ಸಲ ಹಾಕಿಸಿಕೊಂಡು ತಿಂದರು ಆ ಮನುಷ್ಯ. ಮೆಣಸಿನಕಾಯಿಗೆ ಕೈ ಹಾಕಿದಾಗ ಅಕ್ಕ ಕೈಮೇಲೆ ಹೊಡೆದರು.

ಅವತ್ತು ವಾಪಸ್ ಬಂದು ಮನೆಯಲ್ಲಿ ಕೂತಾಗ ನಮ್ಮವ್ವ ಕೊಡ ಎತ್ತಲು ಬಗ್ಗಿದಳು. ಒಂದೇ ಸಲಕ್ಕೆ ಎತ್ತಲಾಗಲಿಲ್ಲ. ಸೊಂಟಕ್ಕೆ ಕೈ ಇಟ್ಟು ನಿಂತಳು. ದಿನಾ ಹಾಗೇ ನಿಲ್ಲುತ್ತಾಳೆನೋ, ನಾನು ನೋಡಿದ್ದು ಅವತ್ತು. ನಾನು ಅವಳ ಹತ್ತಿರ ಕೂಗಾಡುವುದು, ಅದು ತಾ ಇದು ತಾ ಅನ್ನುವುದು ಎಲ್ಲ ಹತ್ತು ವರ್ಷದ ಹಿಂದಿನ ಅವ್ವನ ಲೆಕ್ಕದಲ್ಲೇ ನಡೆದಿದೆ. ಎರಡು ಕೊಡ ಒಟ್ಟಿಗೆ ಹೊರುತ್ತಿದ್ದ ಅವ್ವ. ಊರವರ ಫೋರ್ಕಿಗೆಲ್ಲ ಗಾಳಿ ನೋಡುವವನು ನಾನು. ಎದ್ದು ಕೊಡ ಇಸಿದುಕೊಂಡೆ. 'ಏನಲೇ, ಜ್ವರ ಬಂದೈತಾ?' ಅಂದಳು.

ಜನ ಇಳಿಯುತ್ತಾರೆ, ಏರುತ್ತಾರೆ. ನಾವು ಒಂದು ಸಲ ಮಾರ್ಕರಿನಲ್ಲಿ ಬರೆದು ಮುಗಿಸಿಬಿಟ್ಟಿರುತ್ತೇವೆ. ಗಿರಿಜಕ್ಕನ ಥರ ಸೀಮೆಸುಣ್ಣದಲ್ಲಿ ಬರೆಯುವವರು ಎಷ್ಟು ಜನ?

ಇರಲಿ. ಉಪದೇಶ ನನ್ನ ಕೆಲಸ ಅಲ್ಲ.

ನನ್ನ ಅಂಗಡಿಗೆ ಬರುವ ಬೈಗುಳದಲ್ಲಿ ನನಗೆ ಸೇರದಿದ್ದದ್ದು ಒಂದೇ: 'ನೀನು ಸೆಟ್ ಮಾಡಿದ ಫೋರ್ಕು ಮೆತ್ತಗಾಗಿದೆ.' ಅಂದರೆ ನನ್ನ ಕೆಲಸ ಸರಿಯಿಲ್ಲ ಅಂತ ಅರ್ಥ. ಇಲ್ಲವೇ, ಸವಾರ ತೂಕ ಏರಿದ್ದಾನೆ ಅಂತ ಅರ್ಥ. ಈಗ ದಿನಾ ಬೆಳಿಗ್ಗೆ ಶಟರ್ ಎತ್ತಿ, ಹರಿಹರದ ಕಡೆಯಿಂದ ಬರುವ ಒಂದೊಂದು ಲಗೇಜ್ ಆಟೋವನ್ನೂ ಬಗ್ಗಿ ನೋಡುತ್ತೇನೆ.

ಆ ಮನುಷ್ಯ ಬಂದು 'ಲೇ ಮಂಜ, ನಿನ್ನ ಫೋರ್ಕು ಮೆತ್ತಗಾಗೈತಲ್ಲೋ' ಅಂತ ನನ್ನ ಬೈಯುವುದು ಯಾವಾಗ?